ಕ್ಲೋಸ್‌ಪೇಟೆಯಿಂದ ಬೈಪಾಸಿಗೆ

‘ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಪಟ್ಟಣ, ಮೈಸೂರ್...’ ಬೆಂಗಳೂರಿನ ಬಸ್ ನಿಲ್ದಾಣದಲ್ಲಿ ಕಂಡಕ್ಟರು ಒಂದೇ ಉಸಿರಿಗೆ ಕೂಗುತ್ತಿದ್ದ ಈ ಸರಣಿ ಹಳೇ ಮೈಸೂರಿನ ಕಡೆಯವರಿಗೆ ಮಗ್ಗಿಯಷ್ಟೇ ಬಾಯಿಪಾಠ. ಶ್ರೀರಂಗಪಟ್ಟಣಕ್ಕೆ ಬರೀ ‘ಪಟ್ಟಣ’ ಅಂದರೆ ಸಾಕಿತ್ತು. ಯಾವ ಊರು ಆದಮೇಲೆ ಯಾವ ಊರು ಎಂಬುದಕ್ಕೆ ಭೂಪಟ ಬೇಕಿರಲಿಲ್ಲ. ತಟ್ಟೆ ಇಡ್ಲಿ ಬಂದರೆ ಬಿಡದಿ, ಬಂಡೆಗಳು ಬಂದರೆ ರಾಮನಗರ, ಗೊಂಬೆ ಬಂದರೆ ಚನ್ನಪಟ್ಟಣ, ವಡೆ ಬಂದರೆ ಮದ್ದೂರು, ಆಲೆಮನೆಯ ಬೆಲ್ಲದ ವಾಸನೆ ಬಂದರೆ ಮಂಡ್ಯ ಬಂತೆಂದು ಲೆಕ್ಕ.

ಈಗ ಕಾರಿನಲ್ಲಿ ಕೂತ ಮಗುವಿಗೆ ಈ ಊರುಗಳು ಹಸಿರು ಫಲಕದ ಮೇಲಿನ ಬಿಳಿ ಅಕ್ಷರಗಳು ಮಾತ್ರ. ಎಡಕ್ಕೆ ಬಾಣದ ಗುರುತು, ಪಕ್ಕದಲ್ಲಿ ಊರಿನ ಹೆಸರು. ಅಷ್ಟರಲ್ಲಿ ಅದೂ ಹಿಂದಕ್ಕೆ ಹೋಗಿರುತ್ತದೆ.

ರಸ್ತೆ ಊರನ್ನು ಬಿಟ್ಟು ಪಕ್ಕಕ್ಕೆ ಸರಿದದ್ದು ಹೊಸ ಸಂಗತಿ. ಅದಕ್ಕೂ ಮೊದಲು ರಸ್ತೆಯನ್ನು ಕಾಯಲೆಂದೇ ಇಲ್ಲಿ ಒಂದು ಊರು ಕಟ್ಟಿದ್ದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪುವಿನ ಆಳ್ವಿಕೆ ಮುಗಿದ ಮರುವರ್ಷವೇ ದಿವಾನ್ ಪೂರ್ಣಯ್ಯನವರು ಅರ್ಕಾವತಿ ನದಿಯ ದಡದಲ್ಲಿ ಒಂದು ಪೇಟೆ ಎಬ್ಬಿಸಿದರು. ಕಾರಣ ಸರಳ. ಬೆಂಗಳೂರಿನಿಂದ ಪಟ್ಟಣಕ್ಕೆ ಹೋಗುವ ಹೆದ್ದಾರಿ ಆ ಜಾಗದಲ್ಲಿ ಬಂಡೆಗುಡ್ಡಗಳ ನಡುವಿನ ದಟ್ಟ ಕಾಡನ್ನು ಹಾಯ್ದು ಹೋಗುತ್ತಿತ್ತು. ಅಲ್ಲಿ ಜನವಸತಿ ಇದ್ದರೆ ದಾರಿಹೋಕರಿಗೆ ಧೈರ್ಯ. ಆಗಿನ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್ ಹೆಸರನ್ನೇ ಆ ಪೇಟೆಗೆ ಇಟ್ಟರು: ಕ್ಲೋಸ್‌ಪೇಟೆ. ಸ್ವಾತಂತ್ರ್ಯದ ನಂತರ, ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ, ಅದು ರಾಮನಗರವಾಯಿತು. ಹಳೆಯ ಹೆಸರು ಮಾತ್ರ ವಿಚಿತ್ರವಾದ ಕಡೆ ಉಳಿದುಕೊಂಡಿದೆ. ಇಲ್ಲಿನ ಸುಮಾರು 250 ಕೋಟಿ ವರ್ಷ ಹಳೆಯ ಕಲ್ಲನ್ನು ಜಗತ್ತಿನ ಭೂವಿಜ್ಞಾನಿಗಳು ಇವತ್ತಿಗೂ ‘ಕ್ಲೋಸ್‌ಪೇಟ್ ಗ್ರಾನೈಟ್’ ಎಂದೇ ಕರೆಯುತ್ತಾರೆ. ಒಂದೆರಡು ವರ್ಷ ರೆಸಿಡೆಂಟ್ ಆಗಿದ್ದ ಅಧಿಕಾರಿಯ ಹೆಸರು 250 ಕೋಟಿ ವರ್ಷದ ಬಂಡೆಗೆ ಅಂಟಿಕೊಂಡಿತು. ಹೆದ್ದಾರಿಯ ಪಕ್ಕದಲ್ಲಿದ್ದುದರ ಲಾಭ!

ಪೂರ್ಣಯ್ಯನವರಿಗೆ ರಸ್ತೆಯ ಚಿಂತೆ ಹತ್ತಿದ್ದು ಸುಮ್ಮನೆ ಅಲ್ಲ. ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ದಾರಿ ಒಂದೇ ಅಲ್ಲ, ಮೂರು. ಮೂರರಲ್ಲಿ ಯಾವುದನ್ನು ಹಿಡಿಯುವುದೆಂದು ಒಂದೇ ದಶಕದಲ್ಲಿ ಸೈನ್ಯಗಳು ಮತ್ತೆ ಮತ್ತೆ ತೂಗಿ ನೋಡಿದ್ದವು.

ಬ್ರಿಟಿಷ್ ಸೇನಾಪತಿ ಲಾರ್ಡ್ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆ ಹಿಡಿದು 1791ರ ಮೇ ತಿಂಗಳಲ್ಲಿ ಪಟ್ಟಣದ ಕಡೆ ಹೊರಟಾಗ ಚನ್ನಪಟ್ಟಣದ ಮೇಲಿನ ರಾಜಮಾರ್ಗ ಅವನಿಗೆ ಒದಗಲಿಲ್ಲ. ಆ ದಾರಿಯುದ್ದಕ್ಕೂ ಹುಲ್ಲು ಕಾಳು ಸಿಗದಂತೆ ಟಿಪ್ಪು ಮಾಡಿದ್ದ. ಗುಡ್ಡದ ಕೋಟೆಗಳೂ ಅವನ ಕೈಯಲ್ಲೇ ಇದ್ದವು. ಹಾಗಾಗಿ ಕಾರ್ನ್‌ವಾಲಿಸ್ ದಕ್ಷಿಣಕ್ಕೆ ತಿರುಗಿ ಕಾನಕಾನಹಳ್ಳಿ, ಅಂದರೆ ಇಂದಿನ ಕನಕಪುರ, ಮತ್ತು ಮಳವಳ್ಳಿ ಸೀಮೆಯ ಮೇಲೆ ಅರಕೆರೆಗೆ ಬಂದ. ಬಂದೇನು ಫಲ? ಮಳೆ ಹಿಡಿದಿತ್ತು, ಕಾವೇರಿ ಏರಿದ್ದಳು, ಎತ್ತುಗಳು ಸತ್ತಿದ್ದವು. ಯುದ್ಧದಲ್ಲಿ ಮೇಲುಗೈಯಾದರೂ ಕೋಟೆ ಒಡೆಯಲು ತಂದ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಗೆಡವಿ ವಾಪಸು ಹೋಗಬೇಕಾಯಿತು. ಆ ಡಿಸೆಂಬರಿನಲ್ಲಿ ಸಾವನದುರ್ಗ, ರಾಮಗಿರಿ, ಶಿವನಗಿರಿಗಳನ್ನು ಒಂದೊಂದಾಗಿ ಹಿಡಿದ ಮೇಲೆಯೇ ಅವನು ಮತ್ತೆ ಮುಂದುವರಿದದ್ದು. ಈ ಸಲ ಇನ್ನೊಂದು ದಾರಿ, ಹುಲಿಯೂರುದುರ್ಗದ ಕಡೆಯಿಂದ. 1799ರಲ್ಲಿ ಜನರಲ್ ಹ್ಯಾರಿಸ್ ಮತ್ತೆ ದಕ್ಷಿಣದ ದಾರಿಯನ್ನೇ ಆರಿಸಿಕೊಂಡ. ಮಾರ್ಚ್ 27ರಂದು ಮಳವಳ್ಳಿಯಲ್ಲಿ ಯುದ್ಧ, ಆಮೇಲೆ ಸೋಸಲೆಯ ಹತ್ತಿರ ಕಾವೇರಿ ದಾಟಿದ್ದು, ಮೇ 4ಕ್ಕೆ ಪಟ್ಟಣದ ಪತನ.

ಈ ಯುದ್ಧಕಥೆಗೆ ಇಷ್ಟು ಜಾಗ ಕೊಟ್ಟದ್ದಕ್ಕೆ ಕಾರಣವಿದೆ. 2022ರ ಆಗಸ್ಟ್ ಕೊನೆಯಲ್ಲಿ ಭಾರಿ ಮಳೆ ಸುರಿದು, ಇನ್ನೂ ಉದ್ಘಾಟನೆಯಾಗದ ಹೊಸ ಹೆದ್ದಾರಿ ರಾಮನಗರದ ಬಳಿ ಕೆರೆಯಂತಾದಾಗ, ಬಸ್ಸು ಕಾರುಗಳು ಅರ್ಧ ಮುಳುಗಿ ನಿಂತಾಗ, ಪೊಲೀಸರು ಮೈಸೂರಿಗೆ ಹೋಗುವವರಿಗೆ ಬದಲಿ ದಾರಿ ಸೂಚಿಸಿದರು. ಕನಕಪುರದ ಮೇಲೆ ಹೋಗಿ, ಇಲ್ಲವೇ ಕುಣಿಗಲ್ ಮೇಲೆ ಹೋಗಿ ಎಂದರು. ಕುಣಿಗಲ್ಲಿನಿಂದ ಮದ್ದೂರಿಗೆ ಇಳಿಯುವ ದಾರಿಯಲ್ಲೇ ಹುಲಿಯೂರುದುರ್ಗ ಸಿಗುವುದು. ಕಾರ್ನ್‌ವಾಲಿಸ್ ಹಿಡಿದ ಅವೇ ಎರಡು ದಿಕ್ಕುಗಳು, 230 ವರ್ಷಗಳ ಮೇಲೆ! ಕಾವೇರಿ ಗಲಾಟೆಯಾಗಿ ಮಂಡ್ಯದಲ್ಲಿ ರಸ್ತೆ ತಡೆ ಆದಾಗಲೂ ಬಸ್ಸುಗಳು ಹಿಡಿಯುವುದು ಕನಕಪುರ, ಮಳವಳ್ಳಿ, ಬನ್ನೂರಿನ ದಾರಿಯನ್ನೇ. ಮುಖ್ಯರಸ್ತೆ ಎಷ್ಟೇ ಅಗಲವಾಗಲಿ, ಪಕ್ಕದ ಆ ಎರಡು ಜಾಡುಗಳ ಕೆಲಸ ಮುಗಿದಿಲ್ಲ.

ಯುದ್ಧ ಮುಗಿದು ರಾಜಧಾನಿ ಪಟ್ಟಣದಿಂದ ಮೈಸೂರಿಗೆ ಬಂದಾಗ ರಸ್ತೆಯೂ ಹದಿನೈದು ಕಿಲೋಮೀಟರಿನಷ್ಟು ಮುಂದಕ್ಕೆ ಬೆಳೆಯಿತು. ಮಧ್ಯೆ ಕಾವೇರಿ. ಪಟ್ಟಣದ ಉತ್ತರದ ಕವಲಿಗೆ ಪೂರ್ಣಯ್ಯನವರು 1804ರಲ್ಲಿ ಕಟ್ಟಿಸಿದ ಸೇತುವೆಗೆ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರಿಟ್ಟರು. ಹೆಸರಷ್ಟೇ ಇಂಗ್ಲಿಷಿನದು, ಕಟ್ಟಡವೆಲ್ಲ ನಮ್ಮ ಕಲ್ಲುಕುಟಿಗರ ರೀತಿಯದು. ಕಮಾನಿಲ್ಲ. ನೀರಿನಲ್ಲಿ ಕಲ್ಲಿನ ಕಂಬಗಳ ಸಾಲು, ಕಂಬದ ತಲೆಯ ಮೇಲೆ ಬೋದಿಗೆ, ಅದರ ಮೇಲೆ ಕಲ್ಲಿನ ತೊಲೆ, ಅದರ ಮೇಲೆ ಚಪ್ಪಡಿ. ದೇವಸ್ಥಾನದ ಮಂಟಪವನ್ನೇ ಉದ್ದಕ್ಕೆ ಎಳೆದು ಹೊಳೆಗೆ ಅಡ್ಡ ಇಟ್ಟಂತೆ. ಎಷ್ಟೋ ನೆರೆಗಳನ್ನು ತಡೆದುಕೊಂಡು ಅದು ಇವತ್ತಿಗೂ ನಿಂತಿದೆ.

1800ರಲ್ಲಿ ಈ ದಾರಿಯಲ್ಲಿ ಸಾಗಿದ ಫ್ರಾನ್ಸಿಸ್ ಬುಕಾನನ್ ಯುದ್ಧದಲ್ಲಿ ಹಾಳುಬಿದ್ದ ಊರುಗಳನ್ನೂ ಅವುಗಳ ನಡುವೆ ಉಳಿದುಕೊಂಡಿದ್ದ ಕಸುಬುಗಳನ್ನೂ ಬರೆದಿಟ್ಟ. ಚನ್ನಪಟ್ಟಣ ಆಗ ಗೊಂಬೆಗಿಂತ ಬೇರೆ ಎರಡಕ್ಕೆ ಪ್ರಸಿದ್ಧ: ಗಾಜಿನ ಬಳೆ ಮತ್ತು ವಾದ್ಯಗಳಿಗೆ ಬಿಗಿಯುವ ಉಕ್ಕಿನ ತಂತಿ. ದೂರದೂರದ ವೀಣೆಗಳು ಚನ್ನಪಟ್ಟಣದ ತಂತಿಯಲ್ಲಿ ನುಡಿಯುತ್ತಿದ್ದವು ಎಂದು ಈಗ ಅಲ್ಲಿನ ಗೊಂಬೆ ಅಂಗಡಿಯಲ್ಲಿ ಹೇಳಿದರೆ ನಂಬುವವರು ಕಡಿಮೆ.

1831ರಲ್ಲಿ ಬ್ರಿಟಿಷರು ಆಡಳಿತ ವಹಿಸಿಕೊಂಡರು. ಅರಸರು ಮೈಸೂರಿನಲ್ಲಿ, ಕಚೇರಿ ಬೆಂಗಳೂರಿನಲ್ಲಿ. ರಾಜ್ಯದ ತಲೆ ಒಂದು ಕಡೆ, ಕೈ ಒಂದು ಕಡೆ ಆದಮೇಲೆ ನಡುವಿನ ರಸ್ತೆಗೆ ಬಿಡುವು ಎಲ್ಲಿ? ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ ರಾಜ್ಯದಲ್ಲಿ ಹತ್ತಿರಹತ್ತಿರ 1,600 ಮೈಲಿ ರಸ್ತೆ, ಮುನ್ನೂರಕ್ಕೂ ಹೆಚ್ಚು ಸೇತುವೆ ಆದವು. ಮದ್ದೂರಿನಲ್ಲಿ ಶಿಂಷಾ ನದಿಗೆ 1850ರಲ್ಲಿ ಕಟ್ಟಿದ ಇಟ್ಟಿಗೆ ಕಮಾನಿನ ಸೇತುವೆ ಅವುಗಳಲ್ಲಿ ಒಂದು. ರಸ್ತೆಯ ಎರಡೂ ಬದಿಗೆ ಸಾಲುಮರ ಬಂದದ್ದು, ಗಾಡಿಗಳು ನೆರಳಿನಲ್ಲೇ ಹರದಾರಿಗಟ್ಟಲೆ ಸಾಗುವಂತಾದದ್ದು ಇಂಥ ಕೆಲಸಗಳಿಂದ. ಆ ಮರಗಳ ಕಥೆಯನ್ನು ಮುಂದಿನ ಪೀಳಿಗೆಯ ರಸ್ತೆ ಅಗಲೀಕರಣಗಳು ಮುಗಿಸಿದವು.

1880ರ ದಶಕದ ಆರಂಭಕ್ಕೆ ರೈಲು ಬಂತು. ದೊಡ್ಡ ಬರಗಾಲದ ಕಾಲದಲ್ಲಿ ಹಸಿದವರಿಗೆ ಕೂಲಿ ಒದಗಿಸಲು ಶುರುಮಾಡಿದ ಕಾಮಗಾರಿ ಅದು. ಸ್ವಲ್ಪಕಾಲ ರಸ್ತೆ ಮಂಕಾಯಿತು, ಊಟ ತಿಂಡಿ ಸಹ ರೈಲಿನ ಜೊತೆ ಹೋಯಿತು. ಮದ್ದೂರು ವಡೆ ರಸ್ತೆಯ ಕೂಸಲ್ಲ, ರೈಲಿನದು. 1917ರಲ್ಲಿ ಮದ್ದೂರು ನಿಲ್ದಾಣದಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುಧ್ಯ ಅವರು, ಪಕೋಡ ಮಾಡಲು ಪುರುಸೊತ್ತಿಲ್ಲದಷ್ಟು ಬೇಗ ರೈಲು ಬಂದುಬಿಟ್ಟಿತೆಂದು ಇದ್ದ ಹಿಟ್ಟು, ರವೆ, ಈರುಳ್ಳಿಯನ್ನು ಕಲಸಿ ಅಂಗೈಯಲ್ಲಿ ತಟ್ಟಿ ಕರಿದರು ಎಂಬುದು ಎಲ್ಲರೂ ಹೇಳುವ ಕಥೆ. ಆ ವಡೆ ನಿಲ್ದಾಣದಿಂದ ಆಚೆ ಬಂದು ರಸ್ತೆಬದಿಯ ಹೋಟೆಲುಗಳಲ್ಲಿ ನೆಲೆಯೂರಿದ್ದು ಮೋಟಾರು ಬಂದ ಮೇಲೆ. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಶುರುವಾಯಿತು. ಇಂದಿನ ಕೆಎಸ್‌ಆರ್‌ಟಿಸಿಯ ಮೂಲ ಅದೇ. ಅಲ್ಲಿಂದ ಮುಂದೆ ‘ಹತ್ತು ನಿಮಿಷ ಟೈಮಿದೆ, ಕಾಫಿ ತಿಂಡಿ ಮಾಡೋರು ಮಾಡಿ’ ಎಂಬ ಡ್ರೈವರಿನ ಮಾತೇ ದಾರಿಬದಿಯ ಊರುಗಳ ಆರ್ಥಿಕ ನೀತಿ.

ಮಂಡ್ಯ ಬೆಳೆದದ್ದು ಮಾತ್ರ ರಸ್ತೆಗಿಂತ ಹೆಚ್ಚಾಗಿ ನೀರಿನಿಂದ. ಕನ್ನಂಬಾಡಿ ಕಟ್ಟೆ, ಅದರಿಂದ ಹೊರಟ ವಿಶ್ವೇಶ್ವರಯ್ಯ ನಾಲೆ, 1933ರ ಸಕ್ಕರೆ ಕಾರ್ಖಾನೆ, 1939ರಲ್ಲಿ ಪ್ರತ್ಯೇಕ ಜಿಲ್ಲೆ. ಆದರೆ ನೀರಿನ ಜಗಳ ಬಂದಾಗಲೆಲ್ಲ ಜನ ಬಂದು ಕೂತದ್ದು ನಾಲೆಯ ಏರಿಯ ಮೇಲಲ್ಲ, ರಸ್ತೆಯ ಮೇಲೆ. ಹೋರಾಟ ಈ ರಸ್ತೆಬದಿಗೆ ಹೊಸದಲ್ಲ, 1938ರ ಏಪ್ರಿಲಿನಲ್ಲೇ ಮದ್ದೂರಿನ ಪಕ್ಕದ ಶಿವಪುರದಲ್ಲಿ ನಿಷೇಧವನ್ನು ಮೀರಿ ಟಿ. ಸಿದ್ದಲಿಂಗಯ್ಯನವರ ಮುಂದಾಳುತನದಲ್ಲಿ ಧ್ವಜ ಹಾರಿಸಿದ ಸತ್ಯಾಗ್ರಹ ನಡೆದಿತ್ತು. ಅದರ ನೆನಪಿನ ಸೌಧ ಹೆದ್ದಾರಿಯ ಮಗ್ಗುಲಲ್ಲೇ ಇದೆ. 1991, 2002, 2012, 2016 ಎಂದು ಕಾವೇರಿ ಚಳವಳಿಯ ವರ್ಷಗಳನ್ನು ಎಣಿಸಿದರೆ ಪ್ರತಿಸಲವೂ ಮಂಡ್ಯದ ಸಂಜಯ ವೃತ್ತ, ಮದ್ದೂರು, ಗೆಜ್ಜಲಗೆರೆಗಳಲ್ಲಿ ಹೆದ್ದಾರಿ ನಿಂತಿದೆ. ರಸ್ತೆ ಮಧ್ಯೆ ಒಲೆ ಹೂಡಿ ಅಡುಗೆ ಮಾಡಿ ಉಂಡಿದ್ದಾರೆ. 2002ರಲ್ಲಿ ಆಗಿನ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅವರು ಮಂಡ್ಯದ ಕಡೆಗೆ ಪಾದಯಾತ್ರೆ ಹೊರಟದ್ದೂ ಇದೇ ರಸ್ತೆಯಲ್ಲಿ. ರಾಜ್ಯದ ಎರಡು ದೊಡ್ಡ ನಗರಗಳ ನಡುವಿನ ಕೊರಳು ತನ್ನ ಕೈಗೆ ಎಟಕುತ್ತದೆ ಎಂಬುದು ಮಂಡ್ಯದ ರೈತನಿಗೆ ಚೆನ್ನಾಗಿ ಗೊತ್ತಿತ್ತು.

ರಾಜ್ಯದ ರಾಜಧಾನಿಯನ್ನೂ ಸಾಂಸ್ಕೃತಿಕ ರಾಜಧಾನಿಯನ್ನೂ ಜೋಡಿಸುವ ಈ ದಾರಿ ಸರ್ಕಾರಿ ಕಡತದಲ್ಲಿ ಬಹಳ ಕಾಲ ರಾಷ್ಟ್ರೀಯ ಹೆದ್ದಾರಿ ಆಗಿರಲೇ ಇಲ್ಲ. ಅದರ ಹೆಸರು ರಾಜ್ಯ ಹೆದ್ದಾರಿ 17. ತುಮಕೂರು ಕಡೆಗೂ ಹಾಸನ ಕಡೆಗೂ ರಾಷ್ಟ್ರೀಯ ಹೆದ್ದಾರಿಗಳಿದ್ದವು, ಮೈಸೂರಿಗೆ ಇರಲಿಲ್ಲ. ಈ ಶತಮಾನದ ಮೊದಲ ದಶಕದಲ್ಲಿ ನಾಲ್ಕು ಪಥ ಬಂತು. ಆಮೇಲೆ ಬಂಟ್ವಾಳದಿಂದ ಮಡಿಕೇರಿ, ಹುಣಸೂರು, ಮೈಸೂರಿನ ಮೇಲೆ ಬೆಂಗಳೂರಿಗೆ ಬರುವ ರಾಷ್ಟ್ರೀಯ ಹೆದ್ದಾರಿ 275ರಲ್ಲಿ ಇದು ಸೇರಿಹೋಯಿತು.

ಅದಕ್ಕೂ ಮೊದಲೇ ಕಾಗದದ ಮೇಲೆ ಇನ್ನೊಂದು ರಸ್ತೆ ಹುಟ್ಟಿತ್ತು. 1995ರಲ್ಲಿ ಒಡಂಬಡಿಕೆಯಾದ ಬೆಂಗಳೂರು–ಮೈಸೂರು ಕಾರಿಡಾರ್ ಯೋಜನೆಯಲ್ಲಿ ಹಳೆಯ ಊರುಗಳ ಗೊಡವೆಯೇ ಇಲ್ಲದ 111 ಕಿಲೋಮೀಟರಿನ ಎಕ್ಸ್‌ಪ್ರೆಸ್‌ವೇ ಇತ್ತು, ದಾರಿಯಲ್ಲಿ ಐದು ಹೊಸ ಪಟ್ಟಣಗಳಿದ್ದವು. ಭೂಸ್ವಾಧೀನದ ವ್ಯಾಜ್ಯಗಳು ಸುಪ್ರೀಂ ಕೋರ್ಟಿನವರೆಗೆ ಹತ್ತಿಳಿದವು. ಬೆಂಗಳೂರಿನ ಹೊರಸುತ್ತು ರಸ್ತೆ ಬಂತು, ಮೈಸೂರಿನ ರಸ್ತೆ ಬರಲಿಲ್ಲ. ‘ನೈಸ್ ರೋಡ್’ ಎಂಬ ಹೆಸರು ಮಾತ್ರ ಆಟೋದವರ ಬಾಯಲ್ಲೂ ನಿಂತಿತು. ಪೂರ್ಣಯ್ಯ ರಸ್ತೆಗೆಂದು ಒಂದು ಊರು ಕಟ್ಟಿದರೆ, ಈ ಯೋಜನೆ ಐದು ಕಟ್ಟಲು ಹೊರಟಿತ್ತು. ವ್ಯತ್ಯಾಸವೆಂದರೆ ಅವರು ಕಟ್ಟಿದರು.

ಕೊನೆಗೆ ಆದದ್ದು ಬೇರೆ. ಹಳೆಯ ಜಾಡನ್ನೇ ಹಿಡಿದು, ಊರು ಬಂದಲ್ಲೆಲ್ಲ ಬಳಸಿ ಹೋಗುವ ಹತ್ತು ಪಥದ ರಸ್ತೆ. ಮಧ್ಯೆ ಆರು, ಬದಿಗೆ ಸರ್ವೀಸ್ ರಸ್ತೆಯ ನಾಲ್ಕು. ಸುಮಾರು 118 ಕಿಲೋಮೀಟರಿನಲ್ಲಿ 52 ಹೊಸ ನೆಲದ ಮೇಲಿನದು. ಬಿಡದಿಗೊಂದು ಬೈಪಾಸು, ರಾಮನಗರ–ಚನ್ನಪಟ್ಟಣಕ್ಕೆ ಸೇರಿಸಿ ಒಂದು, ಮಂಡ್ಯಕ್ಕೊಂದು, ಪಟ್ಟಣಕ್ಕೊಂದು. ಮದ್ದೂರಿನಲ್ಲಿ ರಸ್ತೆ ಮೇಲ್ಸೇತುವೆಯಾಗಿ ಊರಿನ ನೆತ್ತಿಯ ಮೇಲೇ ಹಾರಿಹೋಯಿತು. ಖರ್ಚು 8,480 ಕೋಟಿ ರೂಪಾಯಿಯಷ್ಟು. 2023ರ ಮಾರ್ಚ್ 12ರಂದು ಪ್ರಧಾನಿ ನರೇಂದ್ರ ಮೋದಿ ಇದನ್ನು ಉದ್ಘಾಟಿಸಿದ್ದು ಚಳವಳಿಯ ಹಳೆಯ ಅಂಗಳ ಗೆಜ್ಜಲಗೆರೆಯಲ್ಲಿ. ಎರಡೇ ದಿನಕ್ಕೆ ಟೋಲ್ ಶುರು, ನಿಡಘಟ್ಟದವರೆಗೆ ಕಾರಿಗೆ ಆಗ ಒಂದು ಕಡೆಗೆ 135 ರೂಪಾಯಿ. ಕೆಎಸ್‌ಆರ್‌ಟಿಸಿ ಸಾಮಾನ್ಯ ಬಸ್ಸಿನ ಟಿಕೆಟ್ಟಿಗೂ 15 ರೂಪಾಯಿ ಕೂಡಿಕೊಂಡಿತು. ಜುಲೈಯಿಂದ ಗಣಂಗೂರಿನಲ್ಲಿ ಎರಡನೆಯ ಟೋಲ್.

ಹಳೆಯ ರಸ್ತೆ ಸ್ವರ್ಗವಾಗಿತ್ತೆಂದು ಹೇಳಿದರೆ ಸುಳ್ಳಾಗುತ್ತದೆ. ಶನಿವಾರ ಸಂಜೆ ಚನ್ನಪಟ್ಟಣದಲ್ಲಿ ಒಂದು ಲಾರಿ ಅಡ್ಡ ನಿಂತರೆ ಮೂರು ಗಂಟೆಯ ಪ್ರಯಾಣ ನಾಲ್ಕಾಗುತ್ತಿತ್ತು. ದಸರೆಯಲ್ಲಿ ಎಷ್ಟಾಗುತ್ತಿತ್ತು ಎಂದು ಕೇಳುವ ಹಾಗೇ ಇರಲಿಲ್ಲ. ರಾಮನಗರದ ಮಕ್ಕಳು ಶಾಲೆಗೆ ಹೋಗಲು ಹೆದ್ದಾರಿ ದಾಟಬೇಕಿತ್ತು. ಆ ಲಾರಿಗಳೆಲ್ಲ ಆಚೆ ಹೋದದ್ದು ಊರಿನ ಮನೆಮನೆಗೂ ಸಮಾಧಾನ. ಒಂದೂವರೆ ಗಂಟೆಯಲ್ಲಿ ಮೈಸೂರು ಸೇರಿ ಅಮ್ಮನನ್ನು ನೋಡಿ ಸಂಜೆಗೆ ವಾಪಸಾಗುವವರನ್ನು ಕೇಳಿ ನೋಡಬೇಕು, ಅವರಿಗೆ ತಟ್ಟೆ ಇಡ್ಲಿಯ ನೆನಪು ಕಾಡುವುದಿಲ್ಲ.

ಕಾಡುವುದು ಇಡ್ಲಿ ಬೇಯಿಸುವವರಿಗೆ. ಚನ್ನಪಟ್ಟಣದಲ್ಲಿ ಆಲೆಮರವನ್ನು ಚರಕಿಗೆ ಕೊಟ್ಟು, ಅರಗಿನ ಬಣ್ಣ ಹಚ್ಚಿ, ತಾಳೆಗರಿಯಲ್ಲಿ ಉಜ್ಜಿ ಮಿರುಗಿಸುವ ಗೊಂಬೆ ಕಸುಬಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ಆದರೆ ಗೊಂಬೆ ಮಾರಾಟವಾಗುತ್ತಿದ್ದುದು ಮಾನ್ಯತೆಯಿಂದಲ್ಲ, ಹಿಂದಿನ ಸೀಟಿನ ಮಗು ಹಟ ಹಿಡಿದು ಕಾರು ನಿಲ್ಲಿಸಿದ್ದರಿಂದ. ನೂರರ ವೇಗದಲ್ಲಿ ಹೋಗುವ ಕಾರಿನಲ್ಲಿ ಹಟ ಹಿಡಿಯಲು ಕಣ್ಣಿಗೆ ಬೀಳುವುದು ತಂತಿಬೇಲಿ ಒಂದೇ. ಎಚ್.ಎಲ್. ನಾಗೇಗೌಡರು 1994ರಲ್ಲಿ ಹಳೆಯ ರಸ್ತೆಯ ಪಕ್ಕದಲ್ಲಿ ಕಟ್ಟಿದ ಜಾನಪದ ಲೋಕಕ್ಕೂ ಇದೇ ಫಜೀತಿ. ಮೈಸೂರಿಗೆ ಹೋಗುತ್ತಾ ‘ಹಾಗೇ ಒಂದು ಗಳಿಗೆ’ ಎಂದು ಒಳಗೆ ಬರುತ್ತಿದ್ದವರು ಈಗ ಅಲ್ಲಿಗೆಂದೇ ಮನಸ್ಸು ಮಾಡಿ ಬರಬೇಕು. ರಾಮನಗರದ ಬಂಡೆಗಳ ನಡುವೆ ‘ಶೋಲೆ’ ತೆಗೆಯಲು ಬಂದ ಸಿನಿಮಾದವರು 1970ರ ದಶಕದಲ್ಲಿ ಹೆದ್ದಾರಿಯಿಂದ ಒಳಕ್ಕೆ ತಾವೇ ರಸ್ತೆ ಹಾಕಿಸಿಕೊಂಡಿದ್ದರು. ಅಂಗಡಿಯವರಿಗೆ ಆ ತಾಕತ್ತು ಎಲ್ಲಿಂದ ಬರಬೇಕು?

ಹೊಲದವರ ಪಾಡು ಇನ್ನೊಂದು ಬಗೆ. ಉದ್ಘಾಟನೆಯಾಗಿ ವಾರ ತುಂಬುವ ಮೊದಲೇ ಒಂದು ರಾತ್ರಿಯ ಮಳೆಗೆ ರಾಮನಗರದ ಸಂಗಬಸವನದೊಡ್ಡಿಯ ಬಳಿ ರಸ್ತೆಯ ಮೇಲೆ ಮತ್ತೆ ನೀರು ನಿಂತಿತು. ಹೊಲಕ್ಕೆ ಹೋಗಲೆಂದು ಹಳ್ಳಿಯವರು ಚರಂಡಿಗೆ ಮಣ್ಣು ಸುರಿದು ದಾರಿ ಮಾಡಿಕೊಂಡಿದ್ದರಿಂದ ಹೀಗಾಯಿತು ಎಂದು ಹೆದ್ದಾರಿ ಪ್ರಾಧಿಕಾರ ವಿವರಣೆ ಕೊಟ್ಟಿತು. ವಿವರಣೆ ತಾಂತ್ರಿಕವಾಗಿ ಸರಿಯೇ ಇರಬಹುದು. ಆದರೆ ಅದನ್ನು ತಿರುಗಿಸಿ ಓದಿದರೆ, ಹತ್ತು ಪಥ ಹಾಕುವಾಗ ಹೊಲಕ್ಕೆ ಹೋಗುವ ಒಂದು ಪಥ ಲೆಕ್ಕದಿಂದ ಬಿಟ್ಟುಹೋಗಿತ್ತು ಎಂದೇ ಆಗುತ್ತದೆ.

ಆ ವರ್ಷ ಅಪಘಾತಗಳು ದಿನಬೆಳಗಾದರೆ ಸುದ್ದಿಯಾದವು. ವೇಗಕ್ಕೆ ಮಿತಿ ಬಂತು, ಕ್ಯಾಮೆರಾ ಬಂತು. 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಮುಖ್ಯ ಪಥ ಬಂದ್. ಕಬ್ಬಿನ ಟ್ರ್ಯಾಕ್ಟರು ಈಗ ಸರ್ವೀಸ್ ರಸ್ತೆಯಲ್ಲಿ, ಬೈಕಿನವನು ಅದರ ಹಿಂದೆ. ಹೆದ್ದಾರಿ ಅಂದರೆ ಯಾರು ಬೇಕಾದರೂ ನಡೆಯಬಹುದಾದ ದೊಡ್ಡ ದಾರಿ ಎಂಬ ಪದದ ಹಳೆಯ ಅರ್ಥ ಬದಿಗೆ ಸರಿದು ಅಲ್ಲೇ ನಿಂತಿದೆ.

ಪಟ್ಟಣದಲ್ಲಿ ದಾರಿಗಾಗಿ ಜಾಗ ಬಿಡುವುದು ಯಾರು ಎಂಬ ಪ್ರಶ್ನೆಗೆ ರೈಲಿನವರು ಒಂದು ಉತ್ತರ ಕೊಟ್ಟಿದ್ದರು. ಜೋಡಿ ಹಳಿಗೆ ಅಡ್ಡ ಬಂದಿದ್ದ ಟಿಪ್ಪು ಕಾಲದ ಶಸ್ತ್ರಾಗಾರವನ್ನು, ಒಂದು ಸಾವಿರ ಟನ್ನಿಗೆ ಹತ್ತಿರದ ತೂಕದ ಆ ಕಟ್ಟಡವನ್ನು, 2017ರಲ್ಲಿ ಇಡಿಯಾಗಿ ಎತ್ತಿ ನೂರು ಮೀಟರಿಗೂ ಆಚೆ ಕೂರಿಸಿದರು. ರಸ್ತೆಯವರು ದ್ವೀಪವನ್ನೇ ಬಿಟ್ಟು ಬಳಸಿ ಹೋದರು. ವೆಲ್ಲೆಸ್ಲಿ ಸೇತುವೆಯ ಮೇಲೆ ಗಾಡಿಗಳ ಸದ್ದು ನಿಂತು ಬಹಳ ಕಾಲವಾಯಿತು. ಅದರ ಕೆಲಸ ವಹಿಸಿಕೊಂಡ ಹೊಸ ಸೇತುವೆಯೇ ಈಗ ‘ಹಳೇ ರೋಡಿನದು’ ಅನ್ನಿಸಿಕೊಳ್ಳುತ್ತಿದೆ.

ಬೆಂಗಳೂರಿನ ನಿಲ್ದಾಣದಲ್ಲಿ ಕಂಡಕ್ಟರ ಕೂಗೂ ಬದಲಾಗಿದೆ. ‘ನಾನ್‌ಸ್ಟಾಪ್ ಮೈಸೂರ್, ನಾನ್‌ಸ್ಟಾಪ್’ ಎಂಬುದರಲ್ಲಿ ಎರಡೇ ಪದ, ಊರು ಒಂದೇ. ಪಕ್ಕದ ಅಂಕಣದಲ್ಲಿ ಕೆಂಪು ಬಸ್ಸು ನಿಂತಿರುತ್ತದೆ. ಹತ್ತುವ ಮೊದಲು ಬ್ಯಾಗನ್ನು ಕಂಕುಳಿಗೆ ಏರಿಸಿಕೊಂಡು, ಚನ್ನಪಟ್ಟಣಕ್ಕೆ ಹೊರಟ ಹೆಂಗಸು ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟು ಕೇಳುತ್ತಾಳೆ: ‘ಅಣ್ಣ, ಊರೊಳಗೆ ಹೋಗುತ್ತಾ, ಇಲ್ಲಾ ಬೈಪಾಸಲ್ಲೇ ಇಳಿಸಿಬಿಡ್ತೀರಾ?’